ಒಂದು ತೋಟಾ, ಒಂದು ಗಾಳಿ: ಬೇಟೆ ರೈಫಲಿನ ಸ್ಕೋಪಿಗೆ ದೂರ ಕೊರೆದ ಟರೆಟ್ಟು

ಬೇಟೆ ರೈಫಲಿನ ಸ್ಕೋಪಿನ, ಅಂದರೆ ಗುರಿಯಿಡುವ ದೂರದರ್ಶಕದ ನಡುಭಾಗದಲ್ಲಿ, ನೆತ್ತಿಯ ಮೇಲೊಂದು ಮತ್ತು ಪಕ್ಕದಲ್ಲೊಂದು ಗುಂಡಿ ಎದ್ದು ನಿಂತಿರುತ್ತವೆ. ಇವುಗಳಿಗೆ ಟರೆಟ್ಟು ಎಂದು ಹೆಸರು. ಮೇಲಿನದು ಗುಂಡು ತಾಗುವ ಜಾಗವನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತದೆ, ಪಕ್ಕದ್ದು ಎಡಕ್ಕೂ ಬಲಕ್ಕೂ. ಸಾಮಾನ್ಯ ಟರೆಟ್ಟಿನ ಸುತ್ತ ಕೊರೆದಿರುವುದು ಕೋನದ ಅಳತೆ. ಆದರೆ ಕೆಲವು ಬೇಟೆಗಾರರು ತಮ್ಮ ರೈಫಲಿಗೆಂದೇ ಬೇರೊಂದು ಟರೆಟ್ಟನ್ನು ಮಾಡಿಸಿಕೊಳ್ಳುತ್ತಾರೆ; ಅದರ ಮೇಲೆ ಕೋನಕ್ಕೆ ಬದಲಾಗಿ 200, 300, 400 ಎಂದು ದೂರವೇ ಕೊರೆದಿರುತ್ತದೆ. ಪ್ರಾಣಿ 400 ಮೀಟರಿನಲ್ಲಿದೆ ಎಂದು ತಿಳಿದರೆ ಟರೆಟ್ಟನ್ನು 400ಕ್ಕೆ ತಿರುಗಿಸಿ, ಗುರಿಗೆರೆಗಳು ಕೂಡುವ ಬಿಂದುವನ್ನು ನೇರವಾಗಿ ಗುರಿಯ ಮೇಲಿಟ್ಟು ಕುದುರೆ (ಟ್ರಿಗರ್) ಒತ್ತಿದರಾಯಿತು. ನೋಡಲು ಇಷ್ಟು ಸರಳವಾದ ಈ ಸಾಧನದ ಮೇಲಿನ ಒಂದೊಂದು ಅಂಕೆಯೂ ಒಂದು ನಿರ್ದಿಷ್ಟ ತೋಟಾ, ಒಂದು ನಿರ್ದಿಷ್ಟ ವೇಗ ಮತ್ತು ಒಂದು ನಿರ್ದಿಷ್ಟ ಗಾಳಿಯನ್ನು ನಂಬಿಕೊಂಡು ನಿಂತಿದೆ. ಆ ಮೂರರಲ್ಲಿ ಯಾವುದು ಬದಲಾದರೂ ಲೋಹದ ಮೇಲಿನ ಅಂಕೆ ಹಾಗೆಯೇ ಉಳಿಯುತ್ತದೆ, ಗುಂಡು ಮಾತ್ರ ಬೇರೆಡೆ ಹೋಗುತ್ತದೆ. ಇಂಥ ಟರೆಟ್ಟನ್ನು ಹಾಕಿಸಿಕೊಳ್ಳುವವರು ಮೊದಲು ಅರಿಯಬೇಕಾದದ್ದು ಇದನ್ನೇ.

ಟರೆಟ್ಟಿನೊಳಗಿನ ಕೆಲಸ ಹೀಗೆ ನಡೆಯುತ್ತದೆ. ಸ್ಕೋಪಿನ ಹೊರಗಿನ ಕೊಳವೆಯೊಳಗೆ ಮಸೂರಗಳನ್ನು ಹೊತ್ತ ಇನ್ನೊಂದು ಸಣ್ಣ ಕೊಳವೆಯಿದೆ. ಒಂದು ಕಡೆಯಿಂದ ಟರೆಟ್ಟಿನ ತಿರುಪು ಅದನ್ನು ಒತ್ತುತ್ತದೆ, ಎದುರು ಕಡೆಯಿಂದ ಸ್ಪ್ರಿಂಗ್ ಹಿಂದಕ್ಕೆ ತಳ್ಳುತ್ತದೆ. ಟರೆಟ್ಟನ್ನು ತಿರುಗಿಸಿದಾಗ ತಿರುಪು ಕೂದಲೆಳೆಯಷ್ಟು ಏರಿ ಇಳಿದು ಒಳಕೊಳವೆ ಓರೆಯಾಗುತ್ತದೆ. ಅದರೊಂದಿಗೆ ನಮ್ಮ ದೃಷ್ಟಿರೇಖೆಯೂ ನಳಿಗೆಗೆ ಹೋಲಿಸಿದರೆ ಓರೆಯಾಗುತ್ತದೆ. ಗುರಿಗೆರೆಯನ್ನು ಮತ್ತೆ ಗುರಿಯ ಮೇಲೆ ತರಬೇಕಾದರೆ ರೈಫಲಿನ ಮೂತಿಯನ್ನು ಆ ಕೋನದಷ್ಟು ಎತ್ತಲೇಬೇಕಾಗುತ್ತದೆ. ಟರೆಟ್ಟು ಗುಂಡಿನ ಹಾದಿಯನ್ನು ಮುಟ್ಟುವುದಿಲ್ಲ, ಅದು ನಮ್ಮ ಕೈಯಿಂದ ನಳಿಗೆಯನ್ನು ಎತ್ತಿಸುತ್ತದೆ, ಅಷ್ಟೇ.

ಒಂದೊಂದು ಹೆಜ್ಜೆಗೂ ಟರೆಟ್ಟು 'ಕ್ಲಿಕ್' ಎನ್ನುತ್ತದೆ. ಆ ಹೆಜ್ಜೆಯನ್ನು ಅಳೆಯಲು ಎರಡು ಪದ್ಧತಿಗಳಿವೆ. ಒಂದು ಮಿನಿಟ್ ಆಫ್ ಆಂಗಲ್, ಅಂದರೆ ಒಂದು ಡಿಗ್ರಿಯ 60ನೆಯ ಒಂದು ಭಾಗ. ಇದು 100 ಗಜದಲ್ಲಿ 1.047 ಅಂಗುಲವಾಗುತ್ತದೆ, ಬೇಟೆ ಸ್ಕೋಪುಗಳಲ್ಲಿ ಸಾಮಾನ್ಯವಾಗಿ ಒಂದು ಕ್ಲಿಕ್ಕಿಗೆ ಇದರ ಕಾಲು ಭಾಗ. ಇನ್ನೊಂದು ಮಿಲ್, ಅಂದರೆ ಒಂದು ರೇಡಿಯನ್ನಿನ ಸಾವಿರದ ಒಂದು ಭಾಗ; ಇದರಲ್ಲಿ ಒಂದು ಕ್ಲಿಕ್ ಸಾಮಾನ್ಯವಾಗಿ 0.1 ಮಿಲ್. ಮೀಟರಿನಲ್ಲಿ ಯೋಚಿಸುವವರಿಗೆ ಮಿಲ್ ಹೆಚ್ಚು ಅನುಕೂಲ. 100 ಮೀಟರಿನಲ್ಲಿ ಒಂದು ಕ್ಲಿಕ್ ಎಂದರೆ 1 ಸೆಂಟಿಮೀಟರ್, 300 ಮೀಟರಿನಲ್ಲಿ 3, 500 ಮೀಟರಿನಲ್ಲಿ 5. ಮುಂದಿನ ಲೆಕ್ಕಗಳೆಲ್ಲವೂ ಈ ಅಳತೆಯಲ್ಲೇ ಇವೆ.

ಗುಂಡು ನಳಿಗೆಯಿಂದ ಹೊರಬಿದ್ದ ಮೇಲೆ ಸ್ವಲ್ಪ ದೂರ ತಾನಾಗಿ ಮೇಲೇರುತ್ತದೆ ಎಂಬ ತಪ್ಪು ತಿಳಿವಳಿಕೆ ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ನಿಜದಲ್ಲಿ ಅದು ಮೂತಿ ಬಿಟ್ಟ ಕ್ಷಣದಿಂದಲೇ ನಳಿಗೆಯ ನೇರಕ್ಕಿಂತ ಕೆಳಕ್ಕೆ ಬೀಳತೊಡಗುತ್ತದೆ. ಸ್ಕೋಪು ನಳಿಗೆಗಿಂತ ಸುಮಾರು 4 ಸೆಂಟಿಮೀಟರ್ ಮೇಲೆ ಕೂತಿರುವುದರಿಂದ ಮತ್ತು ನಳಿಗೆ ದೃಷ್ಟಿರೇಖೆಯತ್ತ ತುಸು ಮೇಲ್ಮುಖವಾಗಿರುವುದರಿಂದ, ಗುಂಡು ಕೆಳಗಿನಿಂದ ಬಂದು ಆ ರೇಖೆಯನ್ನು ಮುಟ್ಟುತ್ತದೆ, ಮುಂದೆ ಅದರ ಕೆಳಕ್ಕೆ ಇಳಿಯುತ್ತದೆ. ಗುಂಡಿನ ಹಾದಿಯೂ ದೃಷ್ಟಿರೇಖೆಯೂ ನಾವು ಬಯಸಿದ ದೂರದಲ್ಲಿ ಕೂಡುವಂತೆ ಮಾಡುವುದನ್ನು ಝೀರೋ ಮಾಡುವುದು ಎನ್ನುತ್ತಾರೆ.

ಈಗ ಒಂದು ಉದಾಹರಣೆಯನ್ನು ಹಿಡಿದು ನಡೆಯೋಣ. .308 ವಿಂಚೆಸ್ಟರ್ ತೋಟಾ, 165 ಗ್ರೇನ್ ಅಂದರೆ 10.7 ಗ್ರಾಂ ತೂಕದ ಗುಂಡು, ಮೂತಿಯಲ್ಲಿ ಸೆಕೆಂಡಿಗೆ ಸುಮಾರು 820 ಮೀಟರ್ ವೇಗ, 100 ಮೀಟರಿಗೆ ಝೀರೋ. ಸಮುದ್ರಮಟ್ಟದ ಸಾಧಾರಣ ಗಾಳಿಯಲ್ಲಿ ಲೆಕ್ಕ ಹಾಕಿದರೆ ಈ ಗುಂಡು 200 ಮೀಟರಿನಲ್ಲಿ ಸುಮಾರು 13 ಸೆಂಟಿಮೀಟರ್, 300ರಲ್ಲಿ 47, 400ರಲ್ಲಿ 106, 500ರಲ್ಲಿ 196 ಸೆಂಟಿಮೀಟರ್ ಕೆಳಗೆ ತಾಗುತ್ತದೆ. ಕ್ಲಿಕ್ಕುಗಳಿಗೆ ಇಳಿಸಿದರೆ ಇವು ಕ್ರಮವಾಗಿ 7, 16, 27 ಮತ್ತು 39. ಇಲ್ಲಿ ಗಮನಿಸಬೇಕಾದದ್ದು ಅಂಕೆಗಳ ನಡುವಿನ ಅಂತರ. 100ರಿಂದ 200ಕ್ಕೆ ಹೋಗಲು 7 ಕ್ಲಿಕ್ ಸಾಕು, 200ರಿಂದ 300ಕ್ಕೆ 9 ಬೇಕು, ಅಲ್ಲಿಂದ ಮುಂದಿನ ನೂರಕ್ಕೆ 11, ಅದರ ಮುಂದಿನ ನೂರಕ್ಕೆ 12. ಗಾಳಿಯ ತಡೆಯಿಂದ ಗುಂಡು ನಿಧಾನವಾಗುತ್ತಾ ಹೋಗುವುದರಿಂದ ಒಂದೊಂದು ನೂರು ಮೀಟರ್ ದಾಟಲೂ ಹಿಂದಿನದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಆ ಹೆಚ್ಚಿನ ಹೊತ್ತಿನಲ್ಲಿ ಅದು ಇನ್ನಷ್ಟು ಬೀಳುತ್ತದೆ. ದೂರ ಕೊರೆದ ಟರೆಟ್ಟಿನ ಮೇಲೆ ಗೆರೆಗಳು ಸಮ ಅಂತರದಲ್ಲಿರದೆ ಮುಂದೆ ಮುಂದೆ ಅಗಲವಾಗುತ್ತಾ ಹೋಗುವುದಕ್ಕೆ ಇದೇ ಕಾರಣ. ಬೇರೊಂದು ತೋಟಾದ ಗುಂಡು ಬೇರೆ ರೀತಿಯಲ್ಲಿ ನಿಧಾನಗೊಳ್ಳುವುದರಿಂದ ಅದರ ಅಂತರಗಳೂ ಬೇರೆಯಾಗಿರುತ್ತವೆ.

ದೂರವನ್ನೇ ಕೊರೆಯುವ ಪದ್ಧತಿ ಮೊದಲು ಬೆಳೆದದ್ದು ಸೈನ್ಯಗಳಲ್ಲಿ. 1963ರಲ್ಲಿ ಸೋವಿಯತ್ ಸೈನ್ಯ ಸೇರಿದ ಡ್ರಾಗುನೋವ್ ರೈಫಲಿನ ಪಿಎಸ್‌ಒ-1 ಸ್ಕೋಪಿನ ಟರೆಟ್ಟಿನಲ್ಲಿ 1ರಿಂದ 10ರವರೆಗಿನ ಅಂಕೆಗಳಿದ್ದವು. ಒಂದೊಂದೂ ನೂರು ಮೀಟರ್. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಜೇಮ್ಸ್ ಲೆದರ್‌ವುಡ್ ರೂಪಿಸಿದ ಸ್ಕೋಪಿನಲ್ಲಿ ಗುರಿಯನ್ನು ದೊಡ್ಡದಾಗಿ ತೋರಿಸುವ ಉಂಗುರಕ್ಕೇ ಒಂದು ಕ್ಯಾಮ್ (ತಿರುಗಿದಂತೆ ಸ್ಕೋಪನ್ನು ಓರೆಯಾಗಿಸುವ ಅಸಮ ಆಕಾರದ ಚಕ್ರ) ಜೋಡಿಸಿ, ದೂರ ಅಳೆಯುವುದನ್ನೂ ಮೂತಿ ಎತ್ತುವುದನ್ನೂ ಒಂದೇ ಚಲನೆಯಲ್ಲಿ ಮುಗಿಸಲಾಗಿತ್ತು. 1988ರಲ್ಲಿ ಅಮೆರಿಕದ ಸೈನ್ಯ ಅಂಗೀಕರಿಸಿದ ಎಂ24 ರೈಫಲಿನ ಮೇಲೆ ಬಂದ ಲ್ಯೂಪೋಲ್ಡ್ ಕಂಪನಿಯ ಎಂ3ಎ ಸ್ಕೋಪಿನ ಟರೆಟ್ಟನ್ನು ಎಂ118 ಎಂಬ ತೋಟಾಕ್ಕೆ ಹೊಂದಿಸಿ ಕೊರೆದಿದ್ದರು. ಸೈನ್ಯದಲ್ಲಿ ಇದು ಸಾಧ್ಯವಾದದ್ದು ಎಲ್ಲರಿಗೂ ಒಂದೇ ತೋಟಾವನ್ನು ಹಂಚುವುದರಿಂದ. ಬೇಟೆಗಾರರ ಸ್ಥಿತಿ ಹಾಗಿಲ್ಲ, ಒಂದೇ .308 ಹೆಸರಿನಡಿ ತೂಕ, ಆಕಾರ, ಮದ್ದು ಬೇರೆ ಬೇರೆಯಾದ ಹತ್ತಾರು ತೋಟಾಗಳಿವೆ. ಹೀಗಾಗಿ ಬೇಟೆಯ ಲೋಕಕ್ಕೆ ಬಂದಾಗ ಈ ಟರೆಟ್ಟನ್ನು ಒಬ್ಬೊಬ್ಬರಿಗೂ ಬೇರೆಯಾಗಿ ಕೊರೆಯಬೇಕಾಯಿತು. ಲ್ಯೂಪೋಲ್ಡಿನ ಸಿಡಿಎಸ್ (ಕಸ್ಟಮ್ ಡಯಲ್ ಸಿಸ್ಟಮ್) ಇಂಥ ಪದ್ಧತಿ. ಜೈಸ್ ಕಂಪನಿಯದು ನಡುವಿನ ದಾರಿ: ಮೊದಲೇ ಕೊರೆದಿಟ್ಟ ಹಲವು ಉಂಗುರಗಳಲ್ಲಿ ತನ್ನ ತೋಟಾಕ್ಕೆ ಅತಿ ಹತ್ತಿರವಾದುದನ್ನು ಬೇಟೆಗಾರ ಆಯ್ದು ಕೂರಿಸುತ್ತಾನೆ. ಸ್ವರೋವ್ಸ್ಕಿಯ ಟರೆಟ್ಟಿನಲ್ಲಿ ಬಣ್ಣದ ಗುರುತುಗಳಿವೆ. ಗುಂಡು ಹಾರಿಸಿ ಪರೀಕ್ಷಿಸಿದ ಬಳಿಕ ಒಂದೊಂದು ಬಣ್ಣವನ್ನು ಒಂದೊಂದು ದೂರಕ್ಕೆ ತಾನೇ ಹೊಂದಿಸಿಕೊಳ್ಳಬಹುದು.

ಟರೆಟ್ಟು ಕೊರೆಯುವವರು ನಮ್ಮಿಂದ ಕೇಳುವ ಮಾಹಿತಿ ದೊಡ್ಡದಲ್ಲ: ಗುಂಡಿನ ತೂಕ ಮತ್ತು ಬ್ಯಾಲಿಸ್ಟಿಕ್ ಗುಣಾಂಕ (ಗಾಳಿಯ ತಡೆಯನ್ನು ಗುಂಡು ಎಷ್ಟು ಚೆನ್ನಾಗಿ ಭೇದಿಸುತ್ತದೆ ಎಂಬುದರ ಅಳತೆ), ಮೂತಿಯಲ್ಲಿನ ವೇಗ, ನಳಿಗೆಯಿಂದ ಸ್ಕೋಪಿನ ಎತ್ತರ, ಝೀರೋ ದೂರ, ಬೇಟೆಯಾಡುವ ಜಾಗದ ಎತ್ತರ ಮತ್ತು ಉಷ್ಣತೆ. ಸ್ಕೋಪಿನ ಎತ್ತರದಲ್ಲಿ ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಅಂಥ ನಷ್ಟವಿಲ್ಲ. ಗುಣಾಂಕದ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಅದನ್ನು ಹೇಳಲು ಜಿ1 ಮತ್ತು ಜಿ7 ಎಂಬ ಎರಡು ಮಾದರಿಗಳು ಬಳಕೆಯಲ್ಲಿವೆ. ಮೊದಲನೆಯದು ಚಪ್ಪಟೆ ತಳದ ಹಳೆಯ ಗುಂಡನ್ನು, ಎರಡನೆಯದು ಹಿಂಬದಿ ಕಿರಿದಾಗುತ್ತಾ ಬರುವ ಉದ್ದನೆಯ ಗುಂಡನ್ನು ಆಧಾರವಾಗಿ ಇಟ್ಟುಕೊಂಡಿದೆ. ಒಂದೇ ಗುಂಡಿನ ಜಿ7 ಅಂಕೆ ಜಿ1ರ ಸುಮಾರು ಅರ್ಧದಷ್ಟಿರುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ತುಂಬಿಬಿಟ್ಟರೆ ಇಡೀ ಟರೆಟ್ಟು ವ್ಯರ್ಥವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ವೇಗದಲ್ಲಿ. ತೋಟಾದ ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ತಯಾರಕರ ಪರೀಕ್ಷಾ ನಳಿಗೆಯದು, ನಮ್ಮ ರೈಫಲಿನದಲ್ಲ. ನಮ್ಮ ನಳಿಗೆ ಅದಕ್ಕಿಂತ ಗಿಡ್ಡವಾಗಿದ್ದರೆ ಮದ್ದಿನ ಅನಿಲಕ್ಕೆ ಗುಂಡನ್ನು ತಳ್ಳಲು ಸಿಗುವ ದಾರಿ ಕಡಿಮೆಯಾಗಿ ವೇಗವೂ ತಗ್ಗುತ್ತದೆ. ಒಂದೇ ಉದ್ದದ ಎರಡು ನಳಿಗೆಗಳ ನಡುವೆಯೂ ವ್ಯತ್ಯಾಸ ಕಾಣುತ್ತದೆ. ಮೇಲಿನ ಉದಾಹರಣೆಯಲ್ಲಿ ವೇಗ ಸೆಕೆಂಡಿಗೆ 20 ಮೀಟರ್ ಕಡಿಮೆಯಿದ್ದರೆ ಗುಂಡು 500 ಮೀಟರಿನಲ್ಲಿ ಸುಮಾರು 11 ಸೆಂಟಿಮೀಟರ್ ಇನ್ನೂ ಕೆಳಗೆ ತಾಗುತ್ತದೆ, ಅಂದರೆ ಎರಡು ಕ್ಲಿಕ್ಕಿನಷ್ಟು ತಪ್ಪು ಲೋಹದಲ್ಲಿ ಶಾಶ್ವತವಾಗಿ ಕೂತಂತೆ. ಆದ್ದರಿಂದ ಕ್ರೋನೋಗ್ರಾಫ್ ಎಂಬ ವೇಗಮಾಪಕದ ಮುಂದೆ ತನ್ನದೇ ರೈಫಲಿನಿಂದ, ಬೇಟೆಗೆ ಒಯ್ಯುವ ಅದೇ ತೋಟಾವನ್ನು ಹತ್ತಿಪ್ಪತ್ತು ಬಾರಿ ಹಾರಿಸಿ ಸರಾಸರಿ ತೆಗೆಯದೆ ಟರೆಟ್ಟಿಗೆ ಬೇಡಿಕೆ ಕಳುಹಿಸುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮದ್ದು ಬಿಸಿಯಾದಾಗ ರಭಸವಾಗಿ ಉರಿಯುವುದರಿಂದ, ಅಳತೆಯ ದಿನದ ಉಷ್ಣತೆ ಬೇಟೆಯ ಕಾಲದ ಉಷ್ಣತೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ವೇಗ ತಿಳಿದ ಮೇಲೂ ಲೆಕ್ಕವನ್ನು ಗುಂಡಿನಿಂದಲೇ ಪರೀಕ್ಷಿಸಬೇಕು. ಮೊದಲಿಗೆ ಸ್ಕೋಪಿನ ಪ್ರಾಮಾಣಿಕತೆಯನ್ನು ನೋಡಬೇಕು. 100 ಮೀಟರಿನಲ್ಲಿ ಎತ್ತರವಾದ ಕಾಗದವೊಂದನ್ನು ಕಟ್ಟಿ, ತೂಗುಗುಂಡಿನಿಂದ ಅದರ ಮೇಲೆ ನೆಟ್ಟಗಿನ ಗೆರೆಯೆಳೆದು, ಕೆಳಗಿನ ಒಂದೇ ಬಿಂದುವಿಗೆ ಗುರಿಯಿಟ್ಟು ಮೊದಲು ಸೊನ್ನೆಯಲ್ಲಿ, ಆಮೇಲೆ 100 ಕ್ಲಿಕ್ ಮೇಲಕ್ಕೆ ತಿರುಗಿಸಿ ಹಾರಿಸಿದರೆ, ಗುಂಡು ತಾಗಿದ ತೂತುಗಳ ಎರಡು ಗುಂಪುಗಳ ನಡುವೆ ಸರಿಯಾಗಿ 100 ಸೆಂಟಿಮೀಟರ್ ಇರಬೇಕು. 98 ಬಂದರೆ ಆ ಸ್ಕೋಪಿನ ಕ್ಲಿಕ್ ಹೇಳಿದ್ದಕ್ಕಿಂತ ಶೇಕಡಾ 2ರಷ್ಟು ಚಿಕ್ಕದು. ಎರಡನೆಯ ಗುಂಪು ಗೆರೆಯನ್ನು ಬಿಟ್ಟು ಪಕ್ಕಕ್ಕೆ ಸರಿದಿದ್ದರೆ ಸ್ಕೋಪನ್ನು ಓರೆಯಾಗಿ ಕೂರಿಸಲಾಗಿದೆ ಎಂದು ಗೊತ್ತಾಗುತ್ತದೆ. ಇದಾದ ಬಳಿಕ 300, 400 ಮತ್ತು 500 ಮೀಟರುಗಳಲ್ಲಿ ಲೆಕ್ಕ ಹೇಳಿದಷ್ಟು ಕ್ಲಿಕ್ ತಿರುಗಿಸಿ ಹಾರಿಸಿ, ನಿಜಕ್ಕೂ ಎಷ್ಟು ಬೇಕಾಯಿತು ಎಂದು ಬರೆದಿಟ್ಟುಕೊಳ್ಳಬೇಕು. ಹೀಗೆ ಸಿಕ್ಕ ಅಂಕೆಗಳು ಲೆಕ್ಕದ ಅಂಕೆಗಳಿಗಿಂತ ಬೇರೆಯಾದರೆ, ಕೊರೆಯಬೇಕಾದದ್ದು ಗುಂಡು ಹೇಳಿದ ಅಂಕೆಯನ್ನು.

ಮೊದಲನೆಯ ಸಲಕ್ಕೇ ಲೋಹದಲ್ಲಿ ಕೊರೆಸುವ ಅವಸರ ಬೇಡ. ಒಂದು ಋತುವಿನ ಮಟ್ಟಿಗೆ ಕಾಗದದ ಪಟ್ಟಿಯೇ ಸಾಕು. ಟರೆಟ್ಟಿನ ಅಡ್ಡಳತೆ 30 ಮಿಲಿಮೀಟರ್ ಇದ್ದರೆ ಅದರ ಸುತ್ತಳತೆ ಸುಮಾರು 94.2 ಮಿಲಿಮೀಟರ್, ಒಂದು ಸುತ್ತಿಗೆ 50 ಕ್ಲಿಕ್ ಎಂದಾದರೆ ಒಂದು ಕ್ಲಿಕ್ಕಿಗೆ 1.88 ಮಿಲಿಮೀಟರ್ ಬರುತ್ತದೆ. ನಮ್ಮ ಉದಾಹರಣೆಯ 400 ಮೀಟರಿನ 27 ಕ್ಲಿಕ್ ಸೊನ್ನೆಯಿಂದ 51 ಮಿಲಿಮೀಟರ್ ದೂರದಲ್ಲಿ, 500 ಮೀಟರಿನ 39 ಕ್ಲಿಕ್ ಸುಮಾರು 73 ಮಿಲಿಮೀಟರ್ ದೂರದಲ್ಲಿ ಬೀಳುತ್ತವೆ. ಅಲ್ಲಲ್ಲಿ ಗೆರೆಯೆಳೆದು, ಪಟ್ಟಿಯನ್ನು ಸುತ್ತಿ, ಮೇಲೆ ಪಾರದರ್ಶಕ ಟೇಪು ಅಂಟಿಸಿದರೆ ನೀರಿಗೂ ತಡೆಯುತ್ತದೆ. ಬರೆಯುವ ಮುನ್ನ ಟರೆಟ್ಟು ಯಾವ ದಿಕ್ಕಿಗೆ ತಿರುಗಿದಾಗ ಗುಂಡು ಮೇಲಕ್ಕೆ ಹೋಗುತ್ತದೆ ಎಂದು ನೋಡಿಕೊಳ್ಳುವುದು ಮುಖ್ಯ. ಇದು ಎಲ್ಲ ಸ್ಕೋಪುಗಳಲ್ಲಿ ಒಂದೇ ಅಲ್ಲ, ದಿಕ್ಕು ತಪ್ಪಿದರೆ ಪಟ್ಟಿ ತಲೆಕೆಳಗಾಗುತ್ತದೆ. ಬೇಕಾದ ದೂರವೆಲ್ಲ ಒಂದೇ ಸುತ್ತಿನಲ್ಲಿ ಮುಗಿಯುವಂತಿರಬೇಕು ಎಂಬುದೂ ನೆನಪಿರಲಿ. ಎರಡನೆಯ ಸುತ್ತಿಗೆ ಹೋದರೆ ಮಸುಕು ಬೆಳಕಿನಲ್ಲಿ ಯಾವ ಸುತ್ತಿನಲ್ಲಿದ್ದೇವೆ ಎಂದು ಮರೆಯುವ ಅಪಾಯವಿದೆ, ಒಂದು ಸುತ್ತು ಪೂರ್ತಿ ತಪ್ಪಿದರೆ ಗುಂಡು ಮೀಟರುಗಟ್ಟಲೆ ಮೇಲೆ ಹಾರುತ್ತದೆ.

ಹೊಸ ಟರೆಟ್ಟನ್ನು ಕೂರಿಸುವುದು ಸಣ್ಣ ಕೆಲಸ. ರೈಫಲ್ ಖಾಲಿಯಿದೆ ಎಂದು ತೋಟಾ ಕೂರುವ ಕೋಣೆಯನ್ನು ತೆರೆದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಹಳೆಯ ಟರೆಟ್ಟನ್ನು ಝೀರೋ ಸ್ಥಾನಕ್ಕೆ ತಂದು, ಪಕ್ಕದ ಸಣ್ಣ ತಿರುಪುಗಳನ್ನು ಸಡಿಲಿಸಿ, ಒಳಗಿನ ಕಂಬ ಅಲುಗದಂತೆ ಟೋಪಿಯನ್ನು ನೆಟ್ಟಗೆ ಮೇಲಕ್ಕೆ ಎತ್ತಬೇಕು. ಹೊಸದನ್ನು ಅದರ ಝೀರೋ ಗುರುತು ಸ್ಕೋಪಿನ ಮೈಮೇಲಿನ ಗೆರೆಗೆ ಕೂಡುವಂತೆ ಇಳಿಸಿ, ತಿರುಪುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅತಿಯಾಗಿ ಬಿಗಿದರೆ ಅವುಗಳ ತಲೆ ಸವೆಯುತ್ತದೆ. ಝೀರೋದಿಂದ ಕೆಳಕ್ಕೆ ತಿರುಗದಂತೆ ತಡೆಯುವ ಏರ್ಪಾಡು ಸ್ಕೋಪಿನಲ್ಲಿದ್ದರೆ ಅದನ್ನೂ ಆಗಲೇ ಹೊಂದಿಸಬೇಕು. ಇಷ್ಟಾದ ಮೇಲೆ 100 ಮೀಟರಿನಲ್ಲಿ ಮತ್ತೊಮ್ಮೆ ಹಾರಿಸಿ ನೋಡದೆ ಕೆಲಸ ಮುಗಿಯಿತು ಎನ್ನಲಾಗದು.

ಇನ್ನು ಗಾಳಿಯ ಮಾತು. ಗುಂಡನ್ನು ತಡೆಯುವುದು ಗಾಳಿಯ ಸಾಂದ್ರತೆ. ಅದು ಎತ್ತರದೊಂದಿಗೂ ಉಷ್ಣತೆಯೊಂದಿಗೂ ಬದಲಾಗುತ್ತದೆ. ಅಂತರರಾಷ್ಟ್ರೀಯ ಪ್ರಮಾಣದ ವಾತಾವರಣದಲ್ಲಿ ಸಮುದ್ರಮಟ್ಟದ ಸಾಂದ್ರತೆ ಘನಮೀಟರಿಗೆ 1.225 ಕಿಲೋಗ್ರಾಂ; 3,000 ಮೀಟರ್ ಎತ್ತರದಲ್ಲಿ ಅದು ಸುಮಾರು 0.91ಕ್ಕೆ ಇಳಿಯುತ್ತದೆ, ಅಂದರೆ ನಾಲ್ಕನೆಯ ಒಂದು ಭಾಗಕ್ಕಿಂತಲೂ ತುಸು ಹೆಚ್ಚು ತೆಳುವಾಗುತ್ತದೆ. ಸಮುದ್ರಮಟ್ಟಕ್ಕೆ ಕೊರೆದ ಟರೆಟ್ಟನ್ನು ಹೊತ್ತು ಅಷ್ಟು ಎತ್ತರದ ಬೆಟ್ಟಕ್ಕೆ ಹೋದವನ ಗುಂಡು 500 ಮೀಟರಿನಲ್ಲಿ ಸುಮಾರು 20 ಸೆಂಟಿಮೀಟರ್ ಮೇಲೆ ತಾಗುತ್ತದೆ. ಆದರೆ 300 ಮೀಟರಿನಲ್ಲಿ ಅದೇ ವ್ಯತ್ಯಾಸ 4 ಸೆಂಟಿಮೀಟರನ್ನೂ ಮೀರುವುದಿಲ್ಲ. ನನಗೆ ಇದು ಈ ಇಡೀ ವಿಷಯದ ತಿರುಳೆನಿಸುತ್ತದೆ. ಹತ್ತಿರದ ದೂರಗಳಲ್ಲಿ ಎಲ್ಲ ತಪ್ಪುಗಳೂ ಚಿಕ್ಕವು, ಅಲ್ಲಿ ಕೊರೆದ ಟರೆಟ್ಟನ್ನು ನಿಶ್ಚಿಂತೆಯಿಂದ ನಂಬಬಹುದು. ದೂರ ಹೆಚ್ಚಿದಂತೆ ಅವು ಒಂದರ ಮೇಲೊಂದು ಕೂಡಿ ವೇಗವಾಗಿ ಬೆಳೆಯುತ್ತವೆ. ಬೇರೆ ಬೇರೆ ಎತ್ತರಗಳಲ್ಲಿ ಬೇಟೆಯಾಡುವವರು ಒಂದೊಂದಕ್ಕೂ ಬೇರೆ ಉಂಗುರ ಇಟ್ಟುಕೊಳ್ಳುವುದುಂಟು. ಅಂಥವರಿಗೆ ಬರಿಯ ಮಿಲ್ ಅಂಕೆಗಳ ಟರೆಟ್ಟು ಮತ್ತು ರೈಫಲಿನ ಹಿಡಿಗೆ ಅಂಟಿಸಿದ ಕೋಷ್ಟಕವೇ ಹೆಚ್ಚು ಒಪ್ಪುತ್ತದೆ ಎಂದು ನಾನು ಭಾವಿಸುತ್ತೇನೆ. ಕೋಷ್ಟಕವನ್ನು ಬದಲಿಸುವುದು ಸುಲಭ.

ಟರೆಟ್ಟಿನ ಅಂಕೆ ಸರಿಯಿದ್ದರೂ ನಾವು ಕೊಡುವ ದೂರ ತಪ್ಪಿರಬಹುದು. ದೂರ ಅಳೆಯುವ ಲೇಸರ್ ರೇಂಜ್‌ಫೈಂಡರಿನ ಕಿರಣ ಪ್ರಾಣಿಯ ಬದಲು ಅದರ ಮುಂದಿನ ಹುಲ್ಲಿಗೋ ಹಿಂದಿನ ದಿಬ್ಬಕ್ಕೋ ಬಡಿದು 25 ಮೀಟರ್ ವ್ಯತ್ಯಾಸ ತೋರಿಸಿತು ಎನ್ನೋಣ. 200 ಮೀಟರಿನಲ್ಲಿ ಇದರಿಂದಾಗುವ ತಪ್ಪು ಸುಮಾರು 4 ಸೆಂಟಿಮೀಟರ್. 500ರಲ್ಲಿ ಸುಮಾರು 17. ಇಳಿಜಾರಿನಲ್ಲಿ ಇನ್ನೊಂದು ಲೆಕ್ಕವಿದೆ. ಗುಂಡಿನ ಬೀಳುವಿಕೆಯನ್ನು ನಿರ್ಧರಿಸುವುದು ಓರೆಯಾದ ದೂರಕ್ಕಿಂತ ಹೆಚ್ಚಾಗಿ ನೆಲಮಟ್ಟದ ದೂರ. 30 ಡಿಗ್ರಿ ಮೇಲಕ್ಕಾಗಲಿ ಕೆಳಕ್ಕಾಗಲಿ 400 ಮೀಟರ್ ದೂರದಲ್ಲಿರುವ ಪ್ರಾಣಿಗೆ ಟರೆಟ್ಟನ್ನು ಸುಮಾರು 346 ಮೀಟರಿಗೆ ತಿರುಗಿಸಬೇಕು, ಅಂದರೆ 27ರ ಬದಲು 21 ಕ್ಲಿಕ್. ಈಗಿನ ಅನೇಕ ರೇಂಜ್‌ಫೈಂಡರುಗಳು ಈ ಲೆಕ್ಕವನ್ನು ತಾವೇ ಮಾಡಿ ತೋರಿಸುತ್ತವೆ.

ಅಡ್ಡಗಾಳಿಗೆ ನೆತ್ತಿಯ ಮೇಲಿನ ಟರೆಟ್ಟಿನಲ್ಲಿ ಉತ್ತರವಿಲ್ಲ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಪಕ್ಕದಿಂದ ಬೀಸುವ ಗಾಳಿ ನಮ್ಮ ಉದಾಹರಣೆಯ ಗುಂಡನ್ನು 300 ಮೀಟರಿನಲ್ಲಿ ಸುಮಾರು 20 ಸೆಂಟಿಮೀಟರ್, 500ರಲ್ಲಿ 60 ಸೆಂಟಿಮೀಟರಿಗೂ ಹೆಚ್ಚು ಸರಿಸುತ್ತದೆ. ಕೆಲವು ಟರೆಟ್ಟುಗಳಲ್ಲಿ ದೂರದ ಅಂಕೆಯ ಮೇಲುಗಡೆ, ಒಂದು ನಿಗದಿತ ವೇಗದ ಗಾಳಿಗೆ ಎಷ್ಟು ಪಕ್ಕಕ್ಕೆ ಹಿಡಿಯಬೇಕು ಎಂಬ ಎರಡನೆಯ ಸಾಲನ್ನೂ ಕೊರೆಯುತ್ತಾರೆ. ಅದು ಉಪಯುಕ್ತವಾದ ಸಾಲು. ಆದರೆ ಕಣಿವೆಯ ಆಚೆ ಬದಿಯಲ್ಲಿ ಗಾಳಿ ಎಷ್ಟು ವೇಗದಲ್ಲಿ ಬೀಸುತ್ತಿದೆ ಎಂಬುದನ್ನು ಹುಲ್ಲು, ಎಲೆ, ಮಂಜುಗಳ ಚಲನೆಯಿಂದ ಬೇಟೆಗಾರನೇ ಊಹಿಸಬೇಕು.

ಈ ಟರೆಟ್ಟು ಎಲ್ಲಿ ಬೇಡ ಎಂಬುದನ್ನೂ ಹೇಳಬೇಕು. ಅದೇ .308 ರೈಫಲನ್ನು 200 ಮೀಟರಿಗೆ ಝೀರೋ ಮಾಡಿದರೆ ಗುಂಡು 100 ಮೀಟರಿನಲ್ಲಿ ಸುಮಾರು 7 ಸೆಂಟಿಮೀಟರ್ ಮೇಲೆ, 250ರಲ್ಲಿ 11 ಸೆಂಟಿಮೀಟರ್ ಕೆಳಗೆ ಇರುತ್ತದೆ. ಜಿಂಕೆಯ ಎದೆಯಲ್ಲಿ ಹೃದಯ ಮತ್ತು ಶ್ವಾಸಕೋಶಗಳ ಜಾಗ 20 ಸೆಂಟಿಮೀಟರಿಗೆ ಕಡಿಮೆಯಿಲ್ಲ; ಹಾಗಾಗಿ ಹತ್ತಿರದಿಂದ ಸುಮಾರು 240 ಮೀಟರಿನವರೆಗೆ ಏನನ್ನೂ ತಿರುಗಿಸದೆ ನಡುವಿಗೇ ಗುರಿಯಿಡಬಹುದು. ದಟ್ಟ ಕಾಡಿನಲ್ಲಿ ಬೇಟೆಯಾಡುವವನಿಗೆ ಇದೇ ಸಾಕು. ಟರೆಟ್ಟಿಗೆ ಅರ್ಥ ಬರುವುದು ಬಯಲು ಮತ್ತು ಬೆಟ್ಟಗಳಲ್ಲಿ, ಸುಮಾರು 250ರಿಂದ 400 ಮೀಟರ್‌ಗಳ ನಡುವೆ.

ಅದರಾಚೆಗೆ ಟರೆಟ್ಟಿನ ಮೇಲೆ ಅಂಕೆಯಿದೆ ಎಂದ ಮಾತ್ರಕ್ಕೆ ಗುಂಡು ಹಾರಿಸಬಹುದು ಎಂದಲ್ಲ. ನಮ್ಮ ಉದಾಹರಣೆಯ ಗುಂಡು 500 ಮೀಟರ್ ತಲುಪಲು 0.77 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ನಿಧಾನವಾಗಿ ನಡೆಯತೊಡಗಿದ ಪ್ರಾಣಿ ಮುಕ್ಕಾಲು ಮೀಟರಿಗಿಂತ ಹೆಚ್ಚು ಮುಂದೆ ಸಾಗಿರುತ್ತದೆ, ಎದೆಗೆ ಬಿಟ್ಟ ಗುಂಡು ಹೊಟ್ಟೆಗೆ ಬೀಳುತ್ತದೆ. ಆ ದೂರದಲ್ಲಿ ಗುಂಡಿನ ವೇಗವೂ ಸೆಕೆಂಡಿಗೆ ಸುಮಾರು 515 ಮೀಟರಿಗೆ ಇಳಿದಿರುತ್ತದೆ. ಅನೇಕ ಬೇಟೆ ಗುಂಡುಗಳು ಮೈಯೊಳಗೆ ಸರಿಯಾಗಿ ಅರಳಲು ಸೆಕೆಂಡಿಗೆ 550 ಮೀಟರಿನಷ್ಟಾದರೂ ವೇಗ ಬೇಕು. ಅರಳದ ಗುಂಡು ಕಿರಿದಾದ ತೂತು ಮಾಡಿ ಹೊರಟುಹೋಗುತ್ತದೆ, ಗಾಯಗೊಂಡ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಆದ್ದರಿಂದ ಟರೆಟ್ಟನ್ನು ಕೊರೆಸುವಾಗಲೇ, ಗುಂಡು ಅರಳುವ ವೇಗ ಎಲ್ಲಿ ಮುಗಿಯುತ್ತದೋ ಅಲ್ಲಿಗೆ, ಅಥವಾ ಬಯಲಿನಲ್ಲಿ ಕುಳಿತು ಮಲಗಿ ಹಾರಿಸಿದಾಗ ತನ್ನ ಹತ್ತಕ್ಕೆ ಹತ್ತು ಗುಂಡುಗಳೂ 20 ಸೆಂಟಿಮೀಟರ್ ವೃತ್ತದೊಳಗೆ ಬೀಳುವ ದೂರ ಎಲ್ಲಿ ಮುಗಿಯುತ್ತದೋ ಅಲ್ಲಿಗೆ, ಯಾವುದು ಹತ್ತಿರವೋ ಅಲ್ಲಿಗೆ ಅಂಕೆಗಳನ್ನು ನಿಲ್ಲಿಸಿಬಿಡಬೇಕು. 450ರಾಚೆ ಅಂಕೆಯೇ ಇಲ್ಲದಿದ್ದರೆ ಆ ಕ್ಷಣದ ಆಸೆಗೆ ಕೈ ಹೋಗುವುದಿಲ್ಲ.

ಕೊರೆಯುವಾಗ ದೂರದ ಸಾಲಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ತೋಟಾದ ಹೆಸರು, ಗುಂಡಿನ ತೂಕ, ಅಳೆದ ವೇಗ, ಎತ್ತರ ಮತ್ತು ಉಷ್ಣತೆಗಳನ್ನೂ ಬರೆಸಿಕೊಳ್ಳಬೇಕು. ಅದೇ ಹೆಸರಿನ ತೋಟಾವಾದರೂ ಹೊಸ ತಯಾರಿಯ ಪೆಟ್ಟಿಗೆ ಬಂದಾಗ ಮದ್ದಿನ ಬಲ ತುಸು ಬದಲಾಗಿರಬಹುದು. ಆಗ ಮತ್ತೆ ಕ್ರೋನೋಗ್ರಾಫಿನ ಮುಂದೆ ಹತ್ತು ಗುಂಡು ಹಾರಿಸಿ, ಸರಾಸರಿಯನ್ನು ಟರೆಟ್ಟಿನ ಮೇಲಿನ ವೇಗದೊಂದಿಗೆ ಹೋಲಿಸಿ ನೋಡಬೇಕು. ವ್ಯತ್ಯಾಸ ಸೆಕೆಂಡಿಗೆ ಐದಾರು ಮೀಟರಿನೊಳಗಿದ್ದರೆ ಹಳೆಯ ಅಂಕೆಗಳೇ ನಡೆಯುತ್ತವೆ. ಹೆಚ್ಚಿದ್ದರೆ ಹೊಸ ಕಾಗದದ ಪಟ್ಟಿಯಿಂದ ಮತ್ತೆ ಆರಂಭಿಸಬೇಕು.